ಹಿರಿಯರನ್ನು ವಂಚಿಸುವವರಿಗೆ ಕಾನೂನಿನಲ್ಲಿ ಏನು ಶಿಕ್ಷೆ?

ಮಕ್ಕಳು ಗಲ್ಫಿನಲ್ಲೋ ಮುಂಬಯಿಯಲ್ಲೋ ಇದ್ದು, ಊರಿನ ಮನೆಯಲ್ಲಿ ವೃದ್ಧ ತಂದೆ ತಾಯಿ ಮಾತ್ರ ಉಳಿದಿರುವ ಕುಟುಂಬಗಳು ನಮ್ಮ ಕರಾವಳಿಯಲ್ಲಿ ಬಹಳ. ಮಂಡಿನೋವು ವಾಸಿ ಮಾಡುವ ಯಂತ್ರ ಮಾರುವವರು, ಬ್ಯಾಂಕಿನವರು ಅಥವಾ ಪೊಲೀಸರು ಎಂದು ಫೋನ್ ಮಾಡುವವರು ಹುಡುಕಿಕೊಂಡು ಬರುವುದು ಇಂತಹ ಮನೆಗಳಿಗೇ. ಹಣ ಕಳೆದುಕೊಂಡವರು "ಮಕ್ಕಳು ಬೈದಾರು" ಎಂದು ಸುಮ್ಮನಾಗುತ್ತಾರೆ. ವಂಚಕರಿಗೆ ಬೇಕಾದದ್ದೂ ಅದೇ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಮಿನಂತೆ, ಮೋಸದಿಂದ ಹಣ ಅಥವಾ ಆಸ್ತಿ ಪಡೆದವರಿಗೆ 7 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ನಾವು '420' ಎಂದು ಕರೆಯುತ್ತಿದ್ದ ಅಪರಾಧವೇ ಇದು. ಬೇರೆಯವರ ಸೋಗು ಹಾಕಿ ವಂಚಿಸಿದರೆ 319(2)ರಂತೆ 5 ವರ್ಷಗಳವರೆಗೆ ಶಿಕ್ಷೆಯಿದೆ. ಗ್ರಾಹಕರಿಗೆ ಹಾನಿಯಾಗುವಂತೆ ಸುಳ್ಳು ಜಾಹೀರಾತು ಕೊಟ್ಟ ತಯಾರಕರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2 ವರ್ಷಗಳವರೆಗೆ ಸೆರೆವಾಸ ಮತ್ತು 10 ಲಕ್ಷ ರೂ.ವರೆಗೆ ದಂಡ ಹೇಳುತ್ತದೆ.

ಅಮೆರಿಕದಲ್ಲಿ 55 ವರ್ಷ ದಾಟಿದವರನ್ನೇ ಗುರಿಯಾಗಿಟ್ಟು ಫೋನ್ ಮಾರಾಟದ ವಂಚನೆ ನಡೆಸಿದರೆ ಮೂಲ ಶಿಕ್ಷೆಯ ಮೇಲೆ 10 ವರ್ಷಗಳವರೆಗೆ ಹೆಚ್ಚುವರಿ ಸೆರೆವಾಸವಿದೆ. ನಮ್ಮ ಈ ಕಲಮುಗಳಲ್ಲಿ ವಯಸ್ಸಿನ ಭೇದವಿಲ್ಲ. ಆದರೆ ಇರುವ ಶಿಕ್ಷೆಯೂ ದೂರು ಕೊಟ್ಟರೆ ಮಾತ್ರ ಸಾಧ್ಯ.

ಆನ್‌ಲೈನ್ ಅಥವಾ ಫೋನಿನ ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ಹೋಗುವ ಮೊದಲು ತಡೆಹಿಡಿಯುವ ಅವಕಾಶ ಆಗ ಹೆಚ್ಚು. ಫೋನಿನಲ್ಲಿ ಬಂಧಿಸುವ 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ.

ಠಾಣೆಯ ಭಯವೂ ಬೇಡ. ಸಾಕ್ಷಿ ಹೇಳಿಕೆಗಾಗಿ 60 ವರ್ಷ ದಾಟಿದವರನ್ನು, ಯಾವುದೇ ವಯಸ್ಸಿನ ಮಹಿಳೆಯರನ್ನು ಪೊಲೀಸರು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮು ಹೇಳುತ್ತದೆ.

ಕಳಪೆ ವಸ್ತು, ಸುಳ್ಳು ಭರವಸೆಗಳ ಬಗ್ಗೆ ಎರಡು ವರ್ಷಗಳೊಳಗೆ ನಮ್ಮದೇ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ರಸೀದಿಯನ್ನು ಜೋಪಾನವಾಗಿಡಿ. ಸಲಹೆಗೆ ಗ್ರಾಹಕ ಸಹಾಯವಾಣಿ 1915, ಹಿರಿಯರ ಸಹಾಯವಾಣಿ 14567 ಇವೆ.

ವಾಳೆಯ ಗುರಿಕಾರರು, ಮನೆಭೇಟಿ ಮಾಡುವ ಕಾರ್ಯಕರ್ತರು ಹಿರಿಯರೊಂದಿಗೆ ಈ ವಿಷಯವನ್ನೂ ಮಾತನಾಡಲಿ. ಮೋಸ ಹೋದವರನ್ನು ಬೈಯುವುದು ಬೇಡ. ಪಕ್ಕದಲ್ಲಿ ಕುಳಿತು ದೂರು ಬರೆದುಕೊಟ್ಟರೆ ಅದೇ ದೊಡ್ಡ ಸಹಾಯ.