ಗಡ್ಡೆಯ ಅಳತೆ ಬಿಡಿ, ರಕ್ತದ ಲೆಕ್ಕ ಕೇಳಿ

ಕದ್ರಾದಿಂದ ಕಾರವಾರಕ್ಕೆ ಸ್ಕ್ಯಾನಿಂಗಿಗೆ ಹೋದ ಹೆಂಗಸಿನ ಕೈಯಲ್ಲಿ ಮರಳುವಾಗ ಒಂದು ಹಾಳೆ: ಗರ್ಭಕೋಶದಲ್ಲಿ ಫೈಬ್ರಾಯ್ಡ್. ಬಸ್ಸು ಮಲ್ಲಾಪುರ ಮುಟ್ಟುವ ಮೊದಲೇ ಪ್ರಶ್ನೆಗಳು ಏಳುತ್ತವೆ. ಕ್ಯಾನ್ಸರಾ? ಗರ್ಭಕೋಶ ತೆಗೆಸಬೇಕಾ? ಕೈಗಾ ಅಣುಸ್ಥಾವರ ಪಕ್ಕದಲ್ಲೇ ಇದೆಯಲ್ಲ, ಅದರಿಂದ ಬಂತಾ?

ಅಣುಸ್ಥಾವರದ ಹೆಸರೇ ಕೇಳದ ಊರುಗಳಲ್ಲೂ ಈ ಗಡ್ಡೆ ಮಾಮೂಲಿ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 50 ತುಂಬುವಷ್ಟರಲ್ಲಿ ಅಲ್ಲಿನ ಬಿಳಿಯ ಹೆಂಗಸರಲ್ಲಿ ನೂರಕ್ಕೆ ಸುಮಾರು 70, ಕಪ್ಪು ಹೆಂಗಸರಲ್ಲಿ 80ಕ್ಕೂ ಹೆಚ್ಚು ಮಂದಿಗೆ ಇದು ಬಂದಿರುತ್ತದೆ. ಬಹಳಷ್ಟು ಮಂದಿಗೆ ಗೊತ್ತೇ ಆಗುವುದಿಲ್ಲ. ಗರ್ಭಕೋಶದ ಗೋಡೆಯ ಸ್ನಾಯುವಿನಲ್ಲಿ ಹುಟ್ಟಿ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳ ಬಲದಲ್ಲಿ ಬೆಳೆಯುವ ಗಂಟು ಇದು. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಆದರೆ ಮುಟ್ಟು ನಿಂತ ಮೇಲೂ ಬೆಳೆಯುತ್ತಿದ್ದರೆ, ಮತ್ತೆ ರಕ್ತ ಕಂಡರೆ ತಡಮಾಡಬಾರದು.

ಗಾತ್ರಕ್ಕಿಂತ ಜಾಗ ಮುಖ್ಯ. ಹೊರಮೈಗೆ ಅಂಟಿದ ತೆಂಗಿನಕಾಯಿಯಂಥದ್ದೂ ಸುಮ್ಮನಿರಬಹುದು, ಇಲ್ಲವೇ ಮೂತ್ರಚೀಲ ಒತ್ತಿ ರಾತ್ರಿಯಿಡೀ ಎಬ್ಬಿಸಬಹುದು. ಒಳಪದರಕ್ಕೆ ಚಾಚಿದ ಅಡಿಕೆಯಷ್ಟು ಗಡ್ಡೆ ಮಾತ್ರ ತಿಂಗಳು ತಿಂಗಳೂ ರಕ್ತ ಸುರಿಸಬಹುದು, ಬಸಿರು ನಿಲ್ಲಲು ಅಡ್ಡಿಯಾಗಬಹುದು.

ನಿಜವಾದ ಅಪಾಯ ಈ ರಕ್ತದ್ದೇ. ಏಳು ದಿನ ದಾಟುವ ಮುಟ್ಟು, ಗಂಟೆಗೊಮ್ಮೆ ಬದಲಿಸಬೇಕಾದ ಬಟ್ಟೆ, ಹೆಪ್ಪುಗಟ್ಟಿದ ರಕ್ತ: ಇವನ್ನೆಲ್ಲ ‘ಹೆಂಗಸರಿಗೆ ಇದ್ದದ್ದೇ’ ಎಂದು ನುಂಗಿಕೊಳ್ಳುವುದು ನಮ್ಮ ಮನೆಗಳ ಹಳೇ ಚಾಳಿ. ಕರ್ನಾಟಕದ 15ರಿಂದ 49ರ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಮೊದಲೇ ಬತ್ತಿದ ಬಾವಿಯಿಂದ ಮತ್ತೆ ನೀರೆತ್ತಿದಂತೆ! ಮೆಟ್ಟಿಲು ಹತ್ತಿದರೆ ಏದುಸಿರು, ಎದೆಬಡಿತ.

ತೊಂದರೆ ಕೊಡದ ಗಡ್ಡೆಗೆ ಆಗಾಗ ಸ್ಕ್ಯಾನ್ ಸಾಕು. ರಕ್ತಸ್ರಾವಕ್ಕೆ ಮಾತ್ರೆ ಇದೆ, ಹಾರ್ಮೋನು ಸೂಸುವ ವಂಕಿ ಇದೆ. ಗಡ್ಡೆಯನ್ನಷ್ಟೇ ತೆಗೆಯಬಹುದು, ಅದರ ರಕ್ತನಾಳ ಮುಚ್ಚಬಹುದು. ಇವು ಯಾವುವೂ ಒಗ್ಗದಿದ್ದಾಗ ಗರ್ಭಕೋಶ ತೆಗೆಯುವುದು ಸರಿಯೇ. ‘ಮಕ್ಕಳಾದವಲ್ಲ, ಇನ್ನೇಕೆ’ ಎಂಬುದು ಮಾತ್ರ ಕಾರಣವಲ್ಲ. ಕಲಬುರಗಿಯ ತಾಂಡಾಗಳ ಹೆಂಗಸರ ಗರ್ಭಕೋಶ ಅನಗತ್ಯವಾಗಿ ತೆಗೆದ ದೂರಿಗೆ ತನಿಖೆಯೇ ನಡೆಯಿತು. 2023ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಜಾರಿಗೆ ತರುವಂತೆ ರಾಜ್ಯಗಳಿಗೆ ಹೇಳಿತು. ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆದರೆ ಋತುಬಂಧ ಆ ದಿನವೇ ಶುರುವಾಗುತ್ತದೆ, ಮೂಳೆ ಬೇಗ ಸವೆಯುತ್ತದೆ.

ವೈದ್ಯರೆದುರು ಕೂತಾಗ ಮೊದಲು ಹೀಗೆ ಕೇಳಿ: ‘ಡಾಕ್ಟ್ರೇ, ನನ್ನ ಹಿಮೋಗ್ಲೋಬಿನ್ ಎಷ್ಟಿದೆ?’ 12ಕ್ಕಿಂತ ಕಡಿಮೆಯಿದ್ದರೆ ಅದರ ಚಿಕಿತ್ಸೆ ಅಂದೇ ಶುರುವಾಗಲಿ.