ಆಯಿಲ್ ತಿನ್ನುವ ಹಳೇ ಕಾರು: ಇಂಜಿನ್ ಇಳಿಸುವ ಮುನ್ನ

ಮಾರುತಿ 800 ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಅಂಬಾಸಡರ್ ಕೂಡ ನಿಂತಿತು. ಕಾರ್ಖಾನೆಗಳು ಕೈಬಿಟ್ಟರೂ ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಹೋಬಳಿಯಂಥ ಕಡೆ ಹಳೇ ಗಾಡಿಗಳನ್ನು ಜನ ಕೈಬಿಟ್ಟಿಲ್ಲ. 800, ಓಮ್ನಿ, ಜೀಪುಗಳು ಇನ್ನೂ ದುಡಿಯುತ್ತಿವೆ. ಬೆಳಿಗ್ಗೆ ಡೇರಿಗೆ ಹಾಲು, ಆಮೇಲೆ ಮಕ್ಕಳು ಶಾಲೆಗೆ, ಸಂತೆಯ ದಿನ ತರಕಾರಿ ಮೂಟೆ, ಅಪರೂಪಕ್ಕೆ ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ. ಇಂಥ ಗಾಡಿಯ ಹಿಂದೆ ನೀಲಿ ಹೊಗೆ ಕಾಣಿಸಿಕೊಂಡು, ಎರಡು ಸರ್ವೀಸಿನ ನಡುವೆ ಆಯಿಲ್ ಇಳಿಯತೊಡಗಿದರೆ ಗ್ಯಾರೇಜಿನಲ್ಲಿ ಸಿಗುವ ತೀರ್ಪು ಬಹುತೇಕ ಒಂದೇ: “ರಿಂಗ್ ಹೋಗೈತೆ ಗೌಡ್ರೆ, ಇಂಜಿನ್ ಇಳಿಸ್ಬೇಕು.”

ಆ ತೀರ್ಪು ಕೆಲವು ಸಲ ಸರಿಯೇ ಇರುತ್ತದೆ. ಆದರೆ ಆಯಿಲ್ ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ಪತ್ತೆ ಮಾಡದೆ, ಒಂದು ಬೆಳೆಯ ದುಡ್ಡನ್ನು ಇಂಜಿನ್ನಿಗೆ ಸುರಿಯುವಂತೆ ಯಾರಿಗೂ ಹೇಳಬಾರದು. ಆಯಿಲ್ ಹೊರಹೋಗುವ ದಾರಿಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಇಂಜಿನ್ ಕೆಳಗಿಳಿಸಲೇಬೇಕಾದವು ಇನ್ನೂ ಕಡಿಮೆ.

ಮೊದಲ ಕೆಲಸ ಅಳತೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಡಬೇಕು. ಅಷ್ಟರಲ್ಲಿ ಮೇಲಿನ ಆಯಿಲ್ ಚೇಂಬರಿಗೆ ಇಳಿದಿರುತ್ತದೆ. ಗೇಜ್ ಕಡ್ಡಿ ಎಳೆದು, ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗಿಳಿಸಿ ಮತ್ತೆ ಎಳೆದು ನೋಡಬೇಕು. ಮೇಲಿನ ಗುರುತಿಗೆ ಸರಿಯಾಗಿ ತುಂಬಿ, ಮೀಟರ್ ಎಷ್ಟು ಓಡಿದೆ ಎಂದು ಬರೆದಿಟ್ಟುಕೊಂಡು, 500 ಕಿ.ಮೀ. ಆದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ನೋಡಿ. ಮೇಲಿನ ಗುರುತಿಗೆ ಬರಲು ಎಷ್ಟು ಮಿಲಿಲೀಟರ್ ಸುರಿಯಬೇಕಾಯಿತೋ ಅದೇ ನಿಮ್ಮ ಗಾಡಿಯ ಲೆಕ್ಕ. ‘ತುಂಬಾ ತಿಂತೈತೆ’ ಎಂಬ ಮಾತಿಗಿಂತ ಈ ಅಂಕಿ ಮೆಕ್ಯಾನಿಕ್‌ಗೂ ಉಪಯೋಗಕ್ಕೆ ಬರುತ್ತದೆ.

ಸ್ವಲ್ಪ ಆಯಿಲ್ ಸುಡುವುದು ಪ್ರತಿ ಇಂಜಿನ್ನಿನ ಸ್ವಭಾವ. ಸಿಲಿಂಡರ್ ಗೋಡೆಗೆ ಆಯಿಲ್ ಪದರ ಅಂಟಿಕೊಂಡೇ ಇರಬೇಕು, ಅದರಲ್ಲಿ ಒಂದಂಶ ಪೆಟ್ರೋಲಿನ ಜೊತೆ ಉರಿಯುತ್ತದೆ. ಯುರೋಪಿನ ಕೆಲವು ಕಂಪನಿಗಳು ಹೊಸ ಕಾರಿನ ಕೈಪಿಡಿಯಲ್ಲೇ 1000 ಕಿ.ಮೀ.ಗೆ ಅರ್ಧ ಲೀಟರ್‌ವರೆಗೆ ಸಹಜ ಎಂದು ಬರೆದಿವೆ. ನನ್ನ ಮಟ್ಟಿಗೆ, ಇಪ್ಪತ್ತು ವರ್ಷ ದುಡಿದ ಮಾರುತಿ 800 ಕಾರು ಸಾವಿರ ಕಿಲೋಮೀಟರಿಗೆ ಇನ್ನೂರು ಮಿಲಿಲೀಟರ್ ತಿಂದರೆ ಚಿಂತಿಸಬೇಕಾಗಿಲ್ಲ. ಅರ್ಧ ಲೀಟರ್ ದಾಟಿದರೆ ಕಾರಣ ಹುಡುಕಬೇಕು. ಒಂದು ಲೀಟರ್ ಮುಟ್ಟಿದರೆ ಮುಂದೂಡುವ ಹಾಗಿಲ್ಲ.

ಕಾರಣ ಹುಡುಕುವಾಗ ಮೊದಲು ಬಗ್ಗಿ ನೋಡಿ. ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿಟ್ಟರೆ ಬೆಳಿಗ್ಗೆ ತೊಟ್ಟುಗಳು ಗುಟ್ಟು ಹೇಳುತ್ತವೆ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿರುವುದು, ಡ್ರೈನ್ ನಟ್ಟಿನ ವಾಷರ್ ಸವೆದಿರುವುದು, ಆಯಿಲ್ ಫಿಲ್ಟರ್ ಸಡಿಲವಾಗಿರುವುದು, ಕ್ರ್ಯಾಂಕಿನ ಆಯಿಲ್ ಸೀಲ್ ಒಣಗಿರುವುದು, ಇವೆಲ್ಲ ಹಳೇ ಗಾಡಿಯ ಮಾಮೂಲಿ ಕಾಯಿಲೆಗಳು. ಕೆಲವು ಸೋರಿಕೆ ಓಡುವಾಗ ಮಾತ್ರ ಆಗಿ, ಬಿಸಿ ಸೈಲೆನ್ಸರ್ ಪೈಪಿಗೆ ಬಿದ್ದು ಸುಟ್ಟುಹೋಗುತ್ತದೆ, ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಇಂಜಿನ್ನನ್ನು ಚೆನ್ನಾಗಿ ತೊಳೆಸಿ, ಎರಡು ದಿನ ಓಡಿಸಿ, ಟಾರ್ಚ್ ಹಿಡಿದು ನೋಡಿದರೆ ಒದ್ದೆಯಾದ ಜಾಗ ತಾನಾಗಿ ಕಾಣುತ್ತದೆ.

ಸೋರಿಕೆ ಇಲ್ಲವೆಂದಾದರೆ ಆಯಿಲ್ ಒಳಗೇ ಸುಡುತ್ತಿದೆ. ಇಲ್ಲಿ ಹೊಗೆ ಯಾವಾಗ ಬರುತ್ತದೆ ಎಂಬುದೇ ದೊಡ್ಡ ಸುಳಿವು, ಅದನ್ನು ನಮ್ಮ ಕಡೆಯ ರಸ್ತೆಗಳೇ ಚೆನ್ನಾಗಿ ತೋರಿಸಿಕೊಡುತ್ತವೆ. ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಚಾಲಕ ಆಕ್ಸಿಲರೇಟರ್ ಬಿಟ್ಟು, ಎರಡನೇ ಗೇರಿನಲ್ಲಿ ಇಂಜಿನ್ನಿನ ಹಿಡಿತದಲ್ಲೇ ಗಾಡಿ ಇಳಿಸುತ್ತಾನೆ. ಥ್ರಾಟಲ್ ಮುಚ್ಚಿರುವುದರಿಂದ ಗಾಳಿ ಸಿಗದ ಪಿಸ್ಟನ್ನುಗಳು ಬಲವಾಗಿ ಹೀರುತ್ತವೆ. ವಾಲ್ವ್ ಕಡ್ಡಿಯ ಸುತ್ತ ಕೂತಿರುವ ರಬ್ಬರ್ ಸೀಲ್ ಗಟ್ಟಿಯಾಗಿದ್ದರೆ, ಆ ಸೆಳೆತಕ್ಕೆ ಹೆಡ್ಡಿನ ಆಯಿಲ್ ವಾಲ್ವ್ ಗೈಡಿನ ಸಂದಿಯಿಂದ ಒಳಗಿಳಿಯುತ್ತದೆ. ತಿರುವಿನಲ್ಲಿ ಮತ್ತೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಬುಸ್ಸೆಂದು ನೀಲಿ ಹೊಗೆ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದಾಗ ಒಂದು ಸಲ ಹೊಗೆಯುಗುಳಿ ಆಮೇಲೆ ಶುಭ್ರವಾಗುವುದೂ ಇದೇ ಕಾರಣಕ್ಕೆ. ಸೀಲುಗಳ ಬೆಲೆ ಇಂಜಿನ್ ಕೆಲಸದ ಮುಂದೆ ಏನೇನೂ ಅಲ್ಲ. ಪ್ಲಗ್ಗಿನ ತೂತಿನಿಂದ ಗಾಳಿಯ ಒತ್ತಡ ಕೊಟ್ಟು ವಾಲ್ವ್ ಕೆಳಗೆ ಬೀಳದಂತೆ ಹಿಡಿದು, ಹೆಡ್ ಬಿಚ್ಚದೆಯೇ ಸೀಲ್ ಬದಲಿಸುವ ಕೈಗಳಿವೆ. ಗೈಡ್ ಕೂಡ ಸವೆದಿದ್ದರೆ ಹೆಡ್ ಬಿಚ್ಚಬೇಕಾಗುತ್ತದೆ. ಆಗಲೂ ಇಂಜಿನ್ ತನ್ನ ಜಾಗದಲ್ಲೇ ಇರುತ್ತದೆ.

ಉಸಿರುಕೊಳವೆಯನ್ನು, ಅಂದರೆ ಬ್ರೀದರ್ ಪೈಪನ್ನು, ಯಾರೂ ಗಮನಿಸುವುದಿಲ್ಲ. ಅದು ಮಸಿ ಕಟ್ಟಿ ಮುಚ್ಚಿದರೆ ಚೇಂಬರಿನೊಳಗೆ ಒತ್ತಡ ಏರಿ ಆಯಿಲ್ ಸಿಕ್ಕ ಸಂದಿಯಲ್ಲೆಲ್ಲ ನುಗ್ಗುತ್ತದೆ. ಅದನ್ನು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯಲು ಅರ್ಧ ಗಂಟೆ ಸಾಕು. ಆಯಿಲ್ ಮೇಲಿನ ಗುರುತು ಮೀರಿದ್ದರೂ ತೊಂದರೆಯೇ: ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆ ಬ್ರೀದರಿನಿಂದ ಗಾಳಿಯ ಜೊತೆ ಸೇರಿ ಸುಡುತ್ತದೆ.

ಗಾಡಿ ಎಳೆಯುವಾಗೆಲ್ಲ, ಏರು ಹತ್ತುವಾಗೆಲ್ಲ ಬಿಡದೆ ನೀಲಿ ಹೊಗೆ ಬಂದರೆ ಮಾತ್ರ ಅನುಮಾನ ಪಿಸ್ಟನ್ ರಿಂಗುಗಳ ಕಡೆ ತಿರುಗುತ್ತದೆ. ಆಯಿಲ್ ಸುರಿಯುವ ಮುಚ್ಚಳ ತೆಗೆದಾಗ ಹೊಗೆ ಗುಪ್ಪುಗುಪ್ಪೆಂದು ಬಂದರೆ ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ. ಇಷ್ಟಕ್ಕೇ ಒಪ್ಪಿಕೊಳ್ಳಬೇಡಿ, ಕಂಪ್ರೆಷನ್ ಗೇಜ್ ಹಾಕಿಸಿ. ಇಂಜಿನ್ ಬಿಸಿಯಾಗಿರಬೇಕು, ಪ್ಲಗ್ಗುಗಳನ್ನೆಲ್ಲ ಬಿಚ್ಚಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಒಂದು ಸಿಲಿಂಡರ್ ಮಿಕ್ಕವುಗಳಿಗಿಂತ ತೀರ ಕಡಿಮೆ ತೋರಿಸಿದರೆ ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೊಮ್ಮೆ ನೋಡಿ. ಆಯಿಲ್ ರಿಂಗಿನ ಸಂದಿಯನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಮುಳ್ಳು ಏರಿದರೆ ರಿಂಗು, ಸಿಲಿಂಡರಿನ ಬೋರು ಸವೆದಿವೆ. ಏರದಿದ್ದರೆ ತೊಂದರೆ ವಾಲ್ವಿನಲ್ಲೋ ಹೆಡ್ ಗ್ಯಾಸ್ಕೆಟ್ಟಿನಲ್ಲೋ ಇದೆ.

ರಿಂಗು ಯಾಕೆ ಹೋಗುತ್ತದೆ? ನಮ್ಮ ಕಡೆ ಎರಡು ಕಾರಣ ಎದ್ದು ಕಾಣುತ್ತವೆ. ಬೇಲೂರಿನಿಂದ ಪಶ್ಚಿಮಕ್ಕೆ ಹೋದರೆ ಮಲೆನಾಡು. ಹಳೇಬೀಡು ದಾಟಿ ಅರಸೀಕೆರೆ ಕಡೆ ಹೊರಟರೆ ಬಯಲುಸೀಮೆ, ಬೇಸಿಗೆಯಲ್ಲಿ ಹೊಲದ ದಾರಿಯ ತುಂಬ ಧೂಳು. ಏರ್ ಫಿಲ್ಟರ್ ಹರಿದಿದ್ದರೆ, ಅದರ ಡಬ್ಬಿಯ ಕ್ಲಿಪ್ ಸರಿಯಾಗಿ ಕೂರದಿದ್ದರೆ, ಆ ಸಣ್ಣ ಮರಳು ನೇರ ಸಿಲಿಂಡರಿಗಿಳಿದು ಗೋಡೆಯನ್ನು ಉಜ್ಜುತ್ತದೆ. ಎರಡನೆಯದು ಕಿರು ಓಡಾಟ. ಡೇರಿಗೆ ಒಂದು ಕಿಲೋಮೀಟರ್, ತೋಟಕ್ಕೆ ಎರಡು. ಇಂಜಿನ್ ಬಿಸಿಯಾಗುವ ಮೊದಲೇ ಆಫ್. ಆಯಿಲಿಗೆ ಸೇರಿದ ನೀರು, ಪೆಟ್ರೋಲು ಆವಿಯಾಗದೆ ಉಳಿದು ಕಪ್ಪು ಜಿಡ್ಡಾಗುತ್ತವೆ, ಪಿಸ್ಟನ್ನಿನ ಕೆಳಗಿನ ಆಯಿಲ್ ರಿಂಗ್ ತನ್ನ ತೋಡಿನಲ್ಲೇ ಅಂಟಿಕೊಳ್ಳುತ್ತದೆ. ಹೀಗೆ ಅಂಟಿದ ರಿಂಗ್ ಸವೆದಿರುವುದಿಲ್ಲ. ಪ್ಲಗ್ಗಿನ ತೂತಿನಿಂದ ಮಸಿ ಕರಗಿಸುವ ದ್ರವ ಬಿಟ್ಟು ರಾತ್ರಿಯಿಡೀ ನೆನೆಸಿ, ಆಮೇಲೆ ಹೊಸ ಆಯಿಲ್ ಹಾಕಿ, ಒಂದೆರಡು ಸಲ ಬೇಗ ಬೇಗ ಬದಲಿಸಿದರೆ ಕೆಲವು ಇಂಜಿನ್ನುಗಳು ಚೇತರಿಸಿಕೊಳ್ಳುತ್ತವೆ. ಎಲ್ಲವೂ ಅಲ್ಲ. ಆದರೂ ಇಂಜಿನ್ ಇಳಿಸುವ ಮೊದಲು ಮಾಡಿನೋಡಲೇಬೇಕಾದ ಪ್ರಯತ್ನ ಇದು.

ಪತ್ತೆ ಕೆಲಸ ನಡೆಯುತ್ತಿರುವಷ್ಟು ದಿನ ಮಟ್ಟ ಇಳಿಯಲು ಬಿಡಬಾರದು. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪವನ್ನು ಜನ ಮಟ್ಟ ತೋರಿಸುವ ದೀಪ ಎಂದು ತಿಳಿದಿದ್ದಾರೆ. ಅದು ತೋರಿಸುವುದು ಒತ್ತಡವನ್ನು. ಒತ್ತಡ ಬಿದ್ದು ದೀಪ ಹತ್ತುವ ಹೊತ್ತಿಗೆ ಬೇರಿಂಗುಗಳು ಆಗಲೇ ಒಣಗುತ್ತಿರುತ್ತವೆ. ತಿರುವಿನಲ್ಲಿ ಆ ದೀಪ ಒಂದು ಕ್ಷಣ ಮಿನುಗಿದರೂ ಗಾಡಿ ಪಕ್ಕಕ್ಕೆ ಹಾಕಿ ಗೇಜ್ ಎಳೆಯಿರಿ. ಅರ್ಧ ಲೀಟರ್ ಆಯಿಲ್ ಉಳಿಸಲು ಹೋಗಿ ಕ್ರ್ಯಾಂಕ್ ಹಿಡಿದುಕೊಂಡ ಇಂಜಿನ್ನುಗಳು ಗುಜರಿಯಲ್ಲಿ ಬೇಕಾದಷ್ಟಿವೆ.

ಯಾವ ಆಯಿಲ್? ಹಳೇ 800, ಓಮ್ನಿಗಳಿಗೆ 20ಡಬ್ಲ್ಯು-40 ಬಹುಕಾಲದಿಂದ ಬಳಕೆಯಲ್ಲಿದೆ. ಸವೆದ ಇಂಜಿನ್ನಿಗೆ 20ಡಬ್ಲ್ಯು-50 ಹಾಕಿದರೆ ಬಿಸಿಯಲ್ಲಿ ಸ್ವಲ್ಪ ದಪ್ಪ ಉಳಿದು ಖರ್ಚು ಕಡಿಮೆಯಾಗಬಹುದು. ರೋಗ ವಾಸಿಯಾಗುವುದಿಲ್ಲ, ಕಾಲಾವಕಾಶ ಸಿಗುತ್ತದೆ. ಈಗಿನ ಕಾರುಗಳ ತೆಳು 0ಡಬ್ಲ್ಯು-20 ಇಂಥವಕ್ಕೆ ಬೇಡ. ಹೇಗೂ ಸುಡುತ್ತದಲ್ಲ ಎಂದು ಟ್ರ್ಯಾಕ್ಟರಿನಿಂದ ಇಳಿಸಿದ ಸುಟ್ಟ ಆಯಿಲ್ ಸುರಿಯುವುದನ್ನಂತೂ ಯಾರೂ ಮಾಡಬಾರದು. ಅದರಲ್ಲಿ ಮಸಿ ಮತ್ತು ಲೋಹದ ಪುಡಿ ಇರುತ್ತದೆ. ಆ ಆಯಿಲನ್ನು ಗೆದ್ದಲಿಗೆಂದು ಬೇಲಿಗೂಟಕ್ಕೆ ಬಳಿಯುವುದು ಹಳ್ಳಿಯ ರೂಢಿ. ಚರಂಡಿಗೆ ಚೆಲ್ಲಿದರೆ ಅದು ಮಳೆಯಲ್ಲಿ ಕೆರೆಗೋ ಯಗಚಿ ಹೊಳೆಗೋ ಸೇರುತ್ತದೆ. ಡಬ್ಬಿಯಲ್ಲಿ ತುಂಬಿಟ್ಟು, ಹಳೇ ಆಯಿಲ್ ಕೊಳ್ಳಲು ಪರವಾನಗಿ ಇರುವವರಿಗೇ ಕೊಡಬೇಕು.

ಹೊಗೆಯ ವಿಷಯದಲ್ಲಿ ನನಗೆ ರಾಜಿ ಇಲ್ಲ. ಮನೆಯ ಗಾಡಿ ಸ್ವಲ್ಪ ಆಯಿಲ್ ತಿಂದರೆ ಅದು ಮಾಲೀಕನ ಲೆಕ್ಕ. ಓಮ್ನಿಯಲ್ಲಿ ಶಾಲೆಯ ಮಕ್ಕಳನ್ನು ತುಂಬಿಕೊಂಡು ಹಿಂದೆ ನೀಲಿ ಮೋಡ ಬಿಡುತ್ತಿದ್ದರೆ ಆ ಲೆಕ್ಕದಲ್ಲಿ ಬೇರೆಯವರ ಉಸಿರೂ ಸೇರುತ್ತದೆ. 15 ವರ್ಷ ತುಂಬಿದ ಸ್ವಂತ ಕಾರಿನ ನೋಂದಣಿಯನ್ನು ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲೇ 5000 ರೂಪಾಯಿಗೆ ಏರಿತ್ತು. ನವೀಕರಣಕ್ಕೆ ಹೋಗುವ ವರ್ಷವೇ ಇಂಜಿನ್ನಿನ ತೀರ್ಮಾನವನ್ನೂ ಮಾಡುವುದು ಜಾಣತನ.

ಕಂಪ್ರೆಷನ್ ಪರೀಕ್ಷೆಯಲ್ಲಿ ರಿಂಗು, ಬೋರು ಹೋಗಿರುವುದು ಖಚಿತವಾದರೆ ಇಂಜಿನ್ ಇಳಿಸಲೇಬೇಕು. ಆಗ ಬರೀ ರಿಂಗ್ ಹಾಕಿ ಮುಗಿಸಲು ಒಪ್ಪಬೇಡಿ. 800ರ 796 ಸಿಸಿ ಇಂಜಿನ್ನಿನಲ್ಲಿ ಮೂರು ಸಿಲಿಂಡರ್, ಪ್ರತಿಯೊಂದರ ಬೋರು 68.5 ಮಿ.ಮೀ. ಬೋರನ್ನು ಮೇಲೆ, ನಡುವೆ, ಕೆಳಗೆ ಅಳೆಸಿ. ಹೊಸ ರಿಂಗನ್ನು ಸಿಲಿಂಡರಿನೊಳಗೆ ಕೂರಿಸಿ ಹಿಂದಿನಿಂದ ಬಲ್ಬ್ ಹಿಡಿದರೆ, ಬೋರು ಅಂಡಾಕಾರಕ್ಕೆ ಸವೆದಿರುವ ಕಡೆ ಬೆಳಕು ಎಳೆಯಾಗಿ ಇಣುಕುತ್ತದೆ. ಅಂಥ ಬೋರಿಗೆ ಹೊಸ ರಿಂಗ್ ಹಾಕಿದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕತೆ. ಲೇತಿನಲ್ಲಿ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕು. ಹೋನಿಂಗ್ ಮಾಡುವಾಗ ಗೋಡೆಯ ಮೇಲೆ ಅಡ್ಡಡ್ಡ ಗೀರುಗಳು ಮೂಡಬೇಕು, ಆಯಿಲ್ ನಿಲ್ಲುವುದು ಆ ಗೀರುಗಳಲ್ಲಿ. ಜೋಡಿಸಿದ ಮೇಲೆ ಮೊದಲ 1000 ಕಿ.ಮೀ. ಭಾರ ಹೇರದೆ, ಒಂದೇ ವೇಗದಲ್ಲಿ ಎಳೆಯದೆ ಓಡಿಸಿ. ಅದು ಮುಗಿದ ಕೂಡಲೇ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಧರ್ಮಸ್ಥಳದ ಪ್ರಯಾಣವನ್ನು ಅದಾದ ಮೇಲೇ ಇಟ್ಟುಕೊಳ್ಳಿ.