'ಕಾಯ್ ಝಾಡಿ, ಕಾಯ್ ಡೋಂಗಾರ್' ಎಂಬ ಮಾತಿನ ಪಯಣ

2022ರ ಜೂನ್ ಕೊನೆಯ ವಾರ. ಉದ್ಧವ ಠಾಕ್ರೆ ಸರ್ಕಾರ ಉಳಿಯುತ್ತದೋ ಉರುಳುತ್ತದೋ ಎಂದು ಮಹಾರಾಷ್ಟ್ರವಿಡೀ ಕಾಯುತ್ತಿತ್ತು. ಏಕನಾಥ ಶಿಂಧೆ ಜೊತೆ ಗುವಾಹಟಿಯ ಹೋಟೆಲ್ ಸೇರಿದ್ದ ಬಂಡಾಯ ಶಾಸಕರಲ್ಲಿ ಸೊಲ್ಲಾಪುರ ಜಿಲ್ಲೆ ಸಾಂಗೋಲೆಯ ಶಹಾಜಿಬಾಪು ಪಾಟೀಲರೂ ಇದ್ದರು. ಊರಿನ ಕಾರ್ಯಕರ್ತನೊಬ್ಬನ ಜೊತೆ ಅವರು ಫೋನಿನಲ್ಲಿ ಆಡಿದ ಮಾತು ಸೋರಿ ಹೊರಬಿತ್ತು. 'ಕಾಯ್ ಝಾಡಿ, ಕಾಯ್ ಡೋಂಗಾರ್, ಕಾಯ್ ಹಾಟೀಲ್, ಏಕದಂ ಓಕ್ಕೆ!' ಏನು ಗಿಡ, ಏನು ಗುಡ್ಡ, ಏನು ಹೋಟೆಲು ಅಂತ. ಜೂನ್ 29ರಂದು ಠಾಕ್ರೆ ರಾಜೀನಾಮೆ ಕೊಟ್ಟರು, ಮರುದಿನ ಶಿಂಧೆ ಮುಖ್ಯಮಂತ್ರಿಯಾದರು. ಆ ಹೊತ್ತಿಗೆ ಈ ಮಾತು ಹಾಡಾಗಿ, ಟೀ ಶರ್ಟಿನ ಮೇಲಿನ ಬರಹವಾಗಿ, ಸಾವಿರಾರು ಮೀಮುಗಳಾಗಿ ಊರೂರು ತಿರುಗುತ್ತಿತ್ತು.

ಆ ವಾರ ಮುತ್ಸದ್ದಿಗಳು ಅಳೆದು ತೂಗಿ ಕೊಟ್ಟ ಹೇಳಿಕೆಗಳಿಗೇನೂ ಬರವಿರಲಿಲ್ಲ. ಅವೆಲ್ಲ ಬಿಟ್ಟು ಜನ ಇದನ್ನೇ ಯಾಕೆ ಎತ್ತಿಕೊಂಡರು? ಎರಡು ಕಾರಣ ಕಾಣುತ್ತವೆ. ಸಾಂಗೋಲೆ ಮಳೆನೆರಳಿನ ಸೀಮೆ, ದಾಳಿಂಬೆ ಬೆಳೆಯುವ ಒಣನೆಲ. ಅಲ್ಲಿಂದ ಹೋದವನು ಅಸ್ಸಾಮಿನ ಹಸಿರು ಕಂಡು ಬೆರಗಾಗುವುದು ನಾಟಕವಲ್ಲ. ರಾಜ್ಯದ ಸರ್ಕಾರ ತೂಗುಯ್ಯಾಲೆಯಲ್ಲಿದ್ದಾಗ ಈತ ಗಿಡಮರದ ಸುದ್ದಿ ಹೇಳುತ್ತಿದ್ದಾನಲ್ಲ ಎಂಬುದೇ ನಗೆಯ ಮೂಲ. ಎರಡನೆಯದು ಇನ್ನೂ ಮುಖ್ಯ. ಆ ಮಾತಿನ ಕಟ್ಟಿನಲ್ಲಿ ಖಾಲಿ ಜಾಗವಿದೆ. ಗಿಡ, ಗುಡ್ಡ ತೆಗೆದು ಯಾರು ಏನು ಬೇಕಾದರೂ ಇಡಬಹುದು. ಸೊಲ್ಲಾಪುರದವರು ಅದರಲ್ಲಿ ಕಡಕ್ ಭಾಕರಿಯನ್ನೂ ಶೇಂಗಾ ಚಟ್ನಿಯನ್ನೂ ಇಟ್ಟರೆ ಲಯ ಕೆಡುವುದಿಲ್ಲ. ಮರಾಠಿ, ಕನ್ನಡ, ತೆಲುಗು, ದಖನಿ ಉರ್ದು ಒಂದೇ ಬೀದಿಯಲ್ಲಿ ಕೇಳುವ ಆ ಊರಲ್ಲಿ ಇಂಥ ಕಟ್ಟು ಭಾಷೆ ದಾಟುವುದಕ್ಕೆ ಹೊತ್ತು ಹಿಡಿಯುವುದಿಲ್ಲ. ಕೇಳಿದವನಿಗೆ ತಾನೂ ಆಡಲು ಜಾಗ ಬಿಡುವ ಮಾತೇ ಮೀಮ್ ಆಗುತ್ತದೆ ಎಂಬುದು ನನ್ನ ವಾದ.

ಇದೆಲ್ಲ ಅಗ್ಗದ ಡೇಟಾದ ಮಹಿಮೆ, ಮಾತಿನದೇನೂ ಇಲ್ಲ ಎನ್ನುವವರಿದ್ದಾರೆ. ಅವರು ಮಂಡ್ಯದ ಕಡೆ ನೋಡಬೇಕು. 'ನಿಖಿಲ್ ಎಲ್ಲಿದ್ದೀಯಪ್ಪಾ' ಎಂದು ಎಚ್.ಡಿ. ಕುಮಾರಸ್ವಾಮಿ ಮಗನನ್ನು ವೇದಿಕೆಯಿಂದ ಕರೆದದ್ದು 2016ರಲ್ಲಿ, 'ಜಾಗ್ವಾರ್' ಚಿತ್ರದ ಸಮಾರಂಭದಲ್ಲಿ. ಅದು ಮನೆಮಾತಾದದ್ದು 2019ರಲ್ಲಿ, ನಿಖಿಲ್ ಮಂಡ್ಯದಿಂದ ಲೋಕಸಭೆಗೆ ನಿಂತಾಗ. ನಡುವಿನ ವರ್ಷಗಳಲ್ಲಿ ಮೊಬೈಲೂ ಇತ್ತು, ಡೇಟಾವೂ ಇತ್ತು, ಆ ಮಾತನ್ನು ಬಳಸುವ ಸಂದರ್ಭ ಮಾತ್ರ ಇರಲಿಲ್ಲ. ಇನ್ನು ಸೊಲ್ಲಾಪುರ ಜಿಲ್ಲೆಯದೇ ಆದ ಅಕ್ಕಲಕೋಟೆಯಂತೂ ಇಂಟರ್‌ನೆಟ್ಟಿಗಿಂತ ಎಷ್ಟೋ ಹಿಂದಿನ ಸಾಕ್ಷಿ. 1878ರಲ್ಲಿ ಅಲ್ಲಿ ಸಮಾಧಿಯಾದ ಸ್ವಾಮಿ ಸಮರ್ಥರದೆಂದು ಭಕ್ತರು ನಂಬುವ ಅಭಯ, 'ಭಿಊ ನಕೋಸ್, ಮೀ ತುಝ್ಯಾ ಪಾಠೀಶೀ ಆಹೇ', ಹೆದರಬೇಡ, ನಿನ್ನ ಬೆನ್ನಿಗೆ ನಾನಿದ್ದೇನೆ. ರಿಕ್ಷಾ, ಟೆಂಪೋಗಳ ಹಿಂಬದಿಯಲ್ಲಿ ಬರೆಸಿಕೊಂಡ ಅದೇ ಸಾಲು ಈಗ ವಾಟ್ಸ್ಯಾಪ್ ಸ್ಟೇಟಸ್ಸಿನಲ್ಲಿದೆ. ನಗೆಗೂ ಅದಕ್ಕೂ ಸಂಬಂಧವಿಲ್ಲ, ನಿಜ. ಆದರೆ ಆ 'ನಿನ್ನ' ಎಂಬಲ್ಲಿ ಓದಿದ ಪ್ರತಿಯೊಬ್ಬನೂ ತನ್ನನ್ನೇ ಇಟ್ಟುಕೊಳ್ಳುತ್ತಾನೆ. (ಹಿಂದೆ ಬರುವ ಗಾಡಿಯವನಿಗೂ ಆ ಅಭಯ ಸಿಗುತ್ತದೆ ಎಂಬುದು ಬೇರೆ ಮಾತು.)

ಹಳ್ಳಿಗನ ನಾಲಿಗೆಯನ್ನು ಪಟ್ಟಣದವರು ಆಡಿಕೊಳ್ಳುವುದಲ್ಲವೇ ಇದು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. 'ಹಾಟೀಲ್' ಎಂಬ ಉಚ್ಚಾರಕ್ಕೇ ನಕ್ಕವರು ಇದ್ದೇ ಇದ್ದಾರೆ. 2019ರ ಉಪಚುನಾವಣೆ ವೇಳೆ ಕಾಗವಾಡ ಕ್ಷೇತ್ರದಲ್ಲಿ ಸಿದ್ದರಾಮಯ್ಯ ಭಾಷಣ ಮಾಡುತ್ತಿದ್ದಾಗ ಸಭಿಕನೊಬ್ಬ ಕೂಗಿದ 'ಹೌದ ಹುಲಿಯಾ'ದ ಸುತ್ತಲೂ ಇಂಥ ನಗೆ ಇತ್ತು. ಅಷ್ಟಕ್ಕೇ ನಿಂತಿದ್ದರೆ ಎರಡೂ ವಾರದಲ್ಲಿ ಸಾಯುತ್ತಿದ್ದವು. ಗಡಿಸೀಮೆಯ ಜನ ತಮ್ಮ ಮಾತನ್ನು ತಾವೇ ಹೆಮ್ಮೆಯಿಂದ ಆಡಿದರು. ಪಾಟೀಲರಂತೂ ನಾಚಿಕೊಳ್ಳಲಿಲ್ಲ, ಆ ಮಾತಿನ ಜೊತೆಗೇ ರಾಜ್ಯಕ್ಕೆ ಪರಿಚಿತರಾದರು. ಅಣಕಿಸಲು ಎತ್ತಿಕೊಂಡದ್ದನ್ನು ಆಡಿದವನೇ ಮರಳಿ ಕೈಗೆ ತೆಗೆದುಕೊಂಡರೆ ಅಣಕದ ಮೊನೆ ಮೊಂಡಾಗುತ್ತದೆ.

ಹಾಗೆಂದು ಈ ಜನಪ್ರಿಯತೆಗೆ ಇಲ್ಲದ ಬೆಲೆ ಕಟ್ಟಬೇಕಾಗಿಲ್ಲ. ಎಲ್ಲಿದ್ದೀಯಪ್ಪಾ ಎನಿಸಿಕೊಂಡ ನಿಖಿಲ್ ಮಂಡ್ಯದಲ್ಲಿ ಸುಮಲತಾ ಎದುರು ಸೋತರು. 2024ರ ವಿಧಾನಸಭೆ ಚುನಾವಣೆಯಲ್ಲಿ ಸಾಂಗೋಲೆಯ ಮತದಾರರು ಶಹಾಜಿಬಾಪು ಅವರನ್ನು ಸೋಲಿಸಿ, ಶೇತಕರಿ ಕಾಮಗಾರ್ ಪಕ್ಷದ ಬಾಬಾಸಾಹೇಬ ದೇಶಮುಖರನ್ನು ಗೆಲ್ಲಿಸಿದರು.